ಗಿಡವಿಲ್ಲದ ಬೇರು: ಪ್ರಯೋಗಶಾಲೆಯಲ್ಲಿ ಬೆಳೆಯುವ ಮದ್ದು

ನಮ್ಮ ನಾಡಿನಲ್ಲಿ ಮನೆಮದ್ದಿಗೆ 'ನಾರುಬೇರು' ಎಂಬ ಹೆಸರೇ ಉಂಟು. ಎಲೆ, ಹೂವು, ಕಾಯಿಗಳಿಗಿಂತ ಬೇರಿನಲ್ಲಿಯೇ ಮದ್ದಿನ ಸತ್ತ್ವ ಅಡಗಿದೆಯೆಂದು ಹಿರಿಯರು ನಂಬಿದ್ದರು. ಸೊಗದೆ ಬೇರಿನ ಪಾನಕ, ಲಾವಂಚ ಹಾಕಿದ ಕೊಡದ ನೀರು, ಮಾಗಳಿ ಬೇರಿನ ಉಪ್ಪಿನಕಾಯಿ, ಅಶಕ್ತರಿಗೆ ಹಾಲಿನೊಡನೆ ಹಿರೇಮದ್ದು, ಅಂದರೆ ಅಶ್ವಗಂಧ: ಇವೆಲ್ಲ ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಕಂಡುಂಡ ವಸ್ತುಗಳು. ಊರು ಬಿಟ್ಟು ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿದ ಮೇಲೂ ಊರಿನಿಂದ ಬರುವ ಗಂಟಿನಲ್ಲಿ ಚಟ್ನಿಪುಡಿಯ ಪಕ್ಕದಲ್ಲಿ ಯಾವುದಾದರೂ ಬೇರಿನ ಪುಡಿಯ ಪೊಟ್ಟಣ ಇದ್ದೇ ಇರುತ್ತದೆ.

ಅಂತಹ ಒಂದು ಪೊಟ್ಟಣದಿಂದಲೇ ಈ ಲೇಖನ ಹುಟ್ಟಿತೆನ್ನಬಹುದು. 1994ರ ಮಳೆಗಾಲ. ಧಾರವಾಡ ಜಿಲ್ಲೆಯ ಹಳ್ಳಿಯಿಂದ ನನ್ನ ತಂದೆಯವರು ನಮ್ಮ ಡೊಂಬಿವಲಿಯ ಮನೆಗೆ ಬಂದಿದ್ದರು. ಅವರಿಗೆ ರಕ್ತದೊತ್ತಡವಿತ್ತು. ವೈದ್ಯರು ಕೊಟ್ಟ ಗುಳಿಗೆಯ ಜೊತೆಗೆ ರಾತ್ರಿ ಮಲಗುವಾಗ ಒಂದು ಚಿಟಿಕೆ ಸರ್ಪಗಂಧದ ಪುಡಿಯನ್ನು ಹಾಲಿನಲ್ಲಿ ಕದಡಿ ಕುಡಿಯುವುದು ಅವರ ಹಳೆಯ ರೂಢಿ. ಊರಿನಿಂದ ತಂದ ಪುಡಿ ಮುಗಿದಾಗ ಇಲ್ಲಿಯೇ ಒಂದು ಅಂಗಡಿಯಿಂದ ಅದೇ ಹೆಸರಿನ ಪುಡಿಯನ್ನು ನಾನೇ ತಂದುಕೊಟ್ಟೆ. ಚಿಟಿಕೆಯೂ ಅದೇ, ಹಾಲೂ ಅದೇ. ಆದರೆ ಹದಿನೈದು ದಿನಗಳಲ್ಲಿ ಅವರು ಮಂಕಾದರು. ಮಾತು ಕಡಿಮೆಯಾಯಿತು, ಹಾಸಿಗೆಯಿಂದ ಏಳುವಾಗ ತಲೆ ತಿರುಗತೊಡಗಿತು. ಒಂದು ಸಂಜೆ ರೈಲು ನಿಲ್ದಾಣದ ಸೇತುವೆಯ ಮೆಟ್ಟಿಲುಗಳ ಮೇಲೆ ಕುಸಿದು ಕುಳಿತುಬಿಟ್ಟರು.

ನಮ್ಮ ಬಡಾವಣೆಯ ವೈದ್ಯರು ಕನ್ನಡದವರೇ. ನಾಡಿ ಹಿಡಿದು, ರಕ್ತದೊತ್ತಡ ಅಳೆದು, ಎರಡೂ ತೀರ ಇಳಿದಿರುವುದನ್ನು ಕಂಡು ಹುಬ್ಬು ಗಂಟಿಕ್ಕಿದರು.

"ಯಜಮಾನರೇ, ಗುಳಿಗೆಯಲ್ಲದೆ ಬೇರೆ ಏನಾದರೂ ತೆಗೆದುಕೊಳ್ಳುತ್ತೀರೇನು?"

"ಏನಿಲ್ಲರೀ ಡಾಕ್ಟರ. ರಾತ್ರಿ ಒಂದ್ ಚಿಟಿಕಿ ಸರ್ಪಗಂಧ, ಅಷ್ಟ."

"ಅದರಲ್ಲಿ ಮದ್ದು ಎಷ್ಟಿದೆ?"

"ಹೇಳಿದೆನಲ್ಲರೀ, ಒಂದ್ ಚಿಟಿಕಿ."

"ಚಿಟಿಕೆಯ ಲೆಕ್ಕ ನಾನು ಕೇಳಲಿಲ್ಲ, ಯಜಮಾನರೇ. ಚಿಟಿಕೆಯೊಳಗಿನ ಮದ್ದಿನ ಲೆಕ್ಕ ಕೇಳಿದೆ."

ಈ ಪ್ರಶ್ನೆಗೆ ತಂದೆಯವರಲ್ಲಿ ಉತ್ತರವಿರಲಿಲ್ಲ. ಪುಡಿಯನ್ನು ತಂದುಕೊಟ್ಟ ನನ್ನಲ್ಲೂ ಇರಲಿಲ್ಲ. ಪುಡಿ ನಿಂತಿತು, ಕೆಲವು ವಾರಗಳಲ್ಲಿ ತಂದೆಯವರು ಚೇತರಿಸಿಕೊಂಡರು. ಆದರೆ 'ಎಷ್ಟಿದೆ?' ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದನ್ನು ಹಿಂಬಾಲಿಸಿ ಓದುತ್ತ ಹೋದಂತೆ, ಅದೇ ಕಾಲಕ್ಕೆ ನಮ್ಮ ಮನೆಯಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದ ಟ್ರಾಂಬೆಯಲ್ಲಿ ಇದೇ ಸರ್ಪಗಂಧದ ಬೇರನ್ನು ಗಾಜಿನ ಸೀಸೆಗಳಲ್ಲಿ ಬೆಳೆಸುತ್ತಿದ್ದರೆಂದು ತಿಳಿದು ಆಶ್ಚರ್ಯವಾಯಿತು. ಮಣ್ಣಿಲ್ಲದೆ, ಎಲೆಯಿಲ್ಲದೆ, ಗಿಡವೇ ಇಲ್ಲದೆ ಬರಿಯ ಬೇರನ್ನು ಬೆಳೆಸುವ ಆ ವಿದ್ಯೆಯನ್ನು ವಾಚಕರಿಗೆ ಪರಿಚಯಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬೇರಿನ ಮದ್ದಿನ ಎರಡು ತೊಡಕುಗಳು

ಮೊದಲನೆಯ ತೊಡಕು ಪ್ರಮಾಣದ್ದು. ಸರ್ಪಗಂಧದ ಬೇರಿನಲ್ಲಿ ಹತ್ತಾರು ಬಗೆಯ 'ಆಲ್ಕಲಾಯ್ಡು'ಗಳಿವೆ. ಸಾರಜನಕವನ್ನು ಒಳಗೊಂಡ, ಸಾಮಾನ್ಯವಾಗಿ ಕಹಿಯಾದ, ಅಲ್ಪ ಪ್ರಮಾಣದಲ್ಲಿಯೇ ದೇಹದ ಮೇಲೆ ಪ್ರಬಲ ಪರಿಣಾಮ ಬೀರುವ ಸಸ್ಯಜನ್ಯ ವಸ್ತುಗಳಿಗೆ ಈ ಹೆಸರು. ಅವುಗಳಲ್ಲಿ ರಕ್ತದೊತ್ತಡವನ್ನು ಇಳಿಸುವ ಮುಖ್ಯ ವಸ್ತು ರಿಸರ್ಪೀನ್. ಒಣಬೇರಿನ ಸಾವಿರ ಪಾಲಿನಲ್ಲಿ ಇದು ಒಂದೆರಡು ಪಾಲಿನಷ್ಟು ಮಾತ್ರ. ಆದರೆ ವೈದ್ಯರು ಕೊಡುತ್ತಿದ್ದ ರಿಸರ್ಪೀನ್ ಗುಳಿಗೆಯಲ್ಲಿ ಇರುತ್ತಿದ್ದುದೂ ಒಂದು ಮಿಲಿಗ್ರಾಮಿನ ಕಾಲುಭಾಗ ಅಥವಾ ಅದಕ್ಕೂ ಕಡಿಮೆ. ಚಿಟಿಕೆಯ ತೂಕ ಕಾಲು ಗ್ರಾಂ ಎಂದಿಟ್ಟುಕೊಳ್ಳಿ. ಬೇರಿನಲ್ಲಿ ಸಾವಿರಕ್ಕೆ ಒಂದು ಪಾಲು ರಿಸರ್ಪೀನ್ ಇದ್ದರೆ ಚಿಟಿಕೆಯಲ್ಲಿ ಕಾಲು ಮಿಲಿಗ್ರಾಂ ಆಯಿತು, ಎರಡು ಪಾಲು ಇದ್ದರೆ ಅರ್ಧ ಮಿಲಿಗ್ರಾಂ ಆಯಿತು. ಕಣ್ಣಿಗೆ ಎರಡೂ ಒಂದೇ ಪುಡಿ. ದೇಹಕ್ಕೆ ಮಾತ್ರ ಒಂದು ಇನ್ನೊಂದರ ಎರಡರಷ್ಟು.

ಈ ವ್ಯತ್ಯಾಸ ಬರುವುದು ಹೇಗೆ? ಗಿಡ ಬೆಳೆದ ಮಣ್ಣು, ಅದರ ವಯಸ್ಸು, ಬೇರು ಕಿತ್ತ ಋತು ಇವೆಲ್ಲವುಗಳಿಂದ ಬರುತ್ತದೆ. ಬೇರಿನ ತೊಗಟೆಯಲ್ಲಿಯೇ ಹೆಚ್ಚಿನ ಸತ್ತ್ವವಿರುವುದರಿಂದ ತೊಗಟೆ ಉದುರಿಹೋದ ಬೇರು ದುರ್ಬಲವಾಗುತ್ತದೆ. ಅದೇ ಕುಲದ ಬೇರೆ ಜಾತಿಯ ಗಿಡಗಳ ಬೇರನ್ನು ಬೆರೆಸಿ ಮಾರುವುದೂ ಉಂಟು. ರಿಸರ್ಪೀನ್ ಅತಿಯಾದರೆ ನಾಡಿ ನಿಧಾನವಾಗುವುದು, ಎದ್ದು ನಿಂತಾಗ ತಲೆ ತಿರುಗುವುದು, ಮನಸ್ಸು ಖಿನ್ನವಾಗುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿದ್ದ ಸಂಗತಿ. ತಂದೆಯವರ ಮಂಕುತನಕ್ಕೆ ಅರ್ಥ ಹೊಳೆದದ್ದು ಇದನ್ನು ಓದಿದ ಮೇಲೆಯೇ.

ಎರಡನೆಯ ತೊಡಕು ಗಿಡದ್ದು. ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ, ಕಾಯಿ ಕೊಯ್ದರೆ ಮುಂದಿನ ವರ್ಷ ಬಿಡುತ್ತದೆ. ಬೇರು ಕಿತ್ತರೆ ಗಿಡವೇ ಹೋಗುತ್ತದೆ. ಸರ್ಪಗಂಧದ ಚರಿತ್ರೆ ಇದಕ್ಕೆ ಕಣ್ಣೆದುರಿನ ನಿದರ್ಶನ. 1931ರಲ್ಲಿ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿಯವರು ಈ ಬೇರಿನಿಂದ ಒಂದು ಆಲ್ಕಲಾಯ್ಡನ್ನು ಬೇರ್ಪಡಿಸಿ, ಹಕೀಂ ಅಜ್ಮಲ್ ಖಾನರ ನೆನಪಿಗಾಗಿ ಅದಕ್ಕೆ ಅಜ್ಮಲೀನ್ ಎಂದು ಹೆಸರಿಟ್ಟರು. ಅದೇ ವರ್ಷ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಅವರು ಉನ್ಮಾದ ಹಾಗೂ ರಕ್ತದೊತ್ತಡಗಳಲ್ಲಿ ಇದರ ಉಪಯೋಗವನ್ನು ಕುರಿತು ಬರೆದರು. ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲರು ರೋಗಿಗಳ ಮೇಲಿನ ತಮ್ಮ ಅನುಭವವನ್ನು 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಮೇಲೆ ಜಗತ್ತಿನ ಕಣ್ಣು ಈ ಬೇರಿನ ಮೇಲೆ ಬಿತ್ತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯ ವಿಜ್ಞಾನಿಗಳು ರಿಸರ್ಪೀನನ್ನು ಶುದ್ಧ ರೂಪದಲ್ಲಿ ಪಡೆದರು. ಒಮ್ಮೆಲೇ ಬೇಡಿಕೆ ಏರಿತು, ಕಾಡಿನಲ್ಲಿ ಅಗೆತ ಹೆಚ್ಚಿತು. ಬೇರು ಬಲಿಯಲು ಒಂದೂವರೆಯಿಂದ ಮೂರು ವರ್ಷ ಬೇಕು, ಕೀಳಲು ಒಂದು ಗಳಿಗೆ ಸಾಕು. ಈ ಲೆಕ್ಕದಲ್ಲಿ ಗಿಡ ಗೆಲ್ಲುವಂತಿಲ್ಲ. ಇಂದು ಸರ್ಪಗಂಧದ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿದೆ.

ಹೀಗೆ ಒಂದು ಕಡೆ ರೋಗಿಗೆ ಮದ್ದಿನ ಪ್ರಮಾಣ ತಿಳಿಯದು, ಇನ್ನೊಂದು ಕಡೆ ಕಾಡಿಗೆ ತನ್ನ ಗಿಡ ಉಳಿಯದು. ಇವೆರಡಕ್ಕೂ ಒಂದೇ ಪರಿಹಾರ ಸಾಧ್ಯವೆ ಎಂಬುದೇ ವಿಜ್ಞಾನಿಗಳ ಮುಂದಿದ್ದ ಪ್ರಶ್ನೆ.

ಬೇರು ಗಿಡವನ್ನು ಬಿಟ್ಟು ಬದುಕಬಲ್ಲದೆ?

ಗಿಡದಿಂದ ಕತ್ತರಿಸಿದ ಜೀವಕೋಶಗಳನ್ನು ಪೋಷಕ ದ್ರವದಲ್ಲಿ ಬದುಕಿಸಬಹುದೆಂಬ ಕಲ್ಪನೆಯನ್ನು 1902ರಲ್ಲಿ ಜರ್ಮನ್ ಭಾಷೆಯ ಸಸ್ಯವಿಜ್ಞಾನಿ ಹೇಬರ್‌ಲಾಂಟ್ ಮುಂದಿಟ್ಟರು. ಅವರ ಪ್ರಯೋಗ ಫಲಿಸಲಿಲ್ಲ. 1934ರಲ್ಲಿ ಅಮೆರಿಕದ ಫಿಲಿಪ್ ವೈಟ್ ಅವರು ಟೊಮೇಟೊ ಗಿಡದ ಬೇರಿನ ತುದಿಯನ್ನು ಕತ್ತರಿಸಿ, ಸಕ್ಕರೆ, ಲವಣಗಳು ಮತ್ತು ಯೀಸ್ಟಿನ ಸಾರವಿದ್ದ ದ್ರವದಲ್ಲಿಟ್ಟು, ಬೆಳೆದ ಬೇರಿನ ತುದಿಯನ್ನು ಮತ್ತೆ ಕತ್ತರಿಸಿ ಹೊಸ ದ್ರವಕ್ಕೆ ಹಾಕುತ್ತ, ಅದು ಕೊನೆಯಿಲ್ಲದೆ ಬೆಳೆಯಬಲ್ಲದೆಂದು ತೋರಿಸಿದರು. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಎಂಬಿಬ್ಬರು ಪೋಷಕ ದ್ರವವೊಂದರ ಸೂತ್ರವನ್ನು ಪ್ರಕಟಿಸಿದರು. ಇಂದಿಗೂ ಲೋಕದ ಬಹುತೇಕ ಅಂಗಾಂಶ ಕೃಷಿಯ ಶಾಲೆಗಳಲ್ಲಿ ಅದೇ ಸೂತ್ರ, ಅಥವಾ ಅದರ ಸಣ್ಣಪುಟ್ಟ ಮಾರ್ಪಾಡು ಬಳಕೆಯಲ್ಲಿದೆ. ಅದರ ರಹಸ್ಯವೇನೂ ದೊಡ್ಡದಲ್ಲ: ಒಂದು ಲೀಟರ್ ಶುದ್ಧ ನೀರಿಗೆ ಸುಮಾರು 30 ಗ್ರಾಂ ಸಕ್ಕರೆ, ಗಿಡ ಮಣ್ಣಿನಿಂದ ಹೀರುವ ಲವಣಗಳು, ಕೆಲವು ಜೀವಸತ್ತ್ವಗಳು. ಎಲೆ ಇಲ್ಲದ ಬೇರಿಗೆ ಬಿಸಿಲಿನಿಂದ ಆಹಾರ ತಯಾರಿಸಿ ಕೊಡುವವರಿಲ್ಲ. ಆದ್ದರಿಂದ ಸಕ್ಕರೆಯನ್ನು ನಾವೇ ಕೊಡಬೇಕು.

ಬೇರು ಬದುಕಿದರೆ ಸಾಲದು, ಮದ್ದನ್ನೂ ತಯಾರಿಸಬೇಕಷ್ಟೆ. ಇಲ್ಲಿ 1940ರ ದಶಕದ ಒಂದು ಸೊಗಸಾದ ಪ್ರಯೋಗ ನೆನಪಾಗುತ್ತದೆ. ತಂಬಾಕಿನ ನಿಕೋಟೀನ್ ಎಲೆಯಲ್ಲಿ ಸಿಗುವುದರಿಂದ ಅದು ಎಲೆಯಲ್ಲಿಯೇ ಹುಟ್ಟುತ್ತದೆಂದು ಭಾವಿಸುವುದು ಸಹಜ. ಅಮೆರಿಕದ ಡಾಸನ್ ಅವರು ಟೊಮೇಟೊ ಬೇರಿನ ಮೇಲೆ ತಂಬಾಕಿನ ಕುಡಿಯನ್ನು ಕಸಿ ಮಾಡಿದರು. ಹೊಸದಾಗಿ ಬೆಳೆದ ತಂಬಾಕಿನ ಎಲೆಗಳಲ್ಲಿ ನಿಕೋಟೀನ್ ಇಲ್ಲವೆನ್ನುವಷ್ಟು ಕಡಿಮೆಯಾಯಿತು. ತಂಬಾಕಿನ ಬೇರಿನ ಮೇಲೆ ಟೊಮೇಟೊ ಕುಡಿಯನ್ನು ಕಸಿ ಮಾಡಿದರೆ ಟೊಮೇಟೊ ಎಲೆಗಳಲ್ಲಿ ನಿಕೋಟೀನ್ ತುಂಬಿಕೊಂಡಿತು. ಅಂದರೆ ಕಾರ್ಖಾನೆ ಬೇರಿನಲ್ಲಿದೆ, ಎಲೆ ಬರಿಯ ಉಗ್ರಾಣ. ನಾರುಬೇರಿನ ಮೇಲೆ ನಮ್ಮ ಹಿರಿಯರಿಟ್ಟ ನಂಬಿಕೆಗೆ ಇದು ಒಂದು ಸಮರ್ಥನೆಯೆನ್ನಬಹುದು.

ನಮ್ಮ ನೆರೆಯ ಟ್ರಾಂಬೆ ಈ ಕ್ಷೇತ್ರಕ್ಕೆ ಬಹಳ ಮೊದಲೇ ಕಾಲಿಟ್ಟಿತು. ಹಾರ್ಬರ್ ಮಾರ್ಗದಲ್ಲಿ ವಾಶಿಯ ಸೇತುವೆಯನ್ನು ದಾಟುವ ನವಿಮುಂಬಯಿಯವರು ಟ್ರಾಂಬೆಯ ಗುಡ್ಡವನ್ನು ದೂರದಿಂದ ಕಂಡೇ ಇರುತ್ತಾರೆ. ಅಲ್ಲಿರುವ ಭಾಭಾ ಪರಮಾಣು ಸಂಶೋಧನ ಕೇಂದ್ರವೆಂದರೆ ಜನರಿಗೆ ನೆನಪಾಗುವುದು ಅಣುಸ್ಥಾವರಗಳು. ಆದರೆ ಅಲ್ಲಿ ಜೀವವಿಜ್ಞಾನದ ಕೆಲಸವೂ ದೊಡ್ಡದಾಗಿಯೇ ನಡೆದಿದೆ. 1968ರಲ್ಲಿ ಹೆಬ್ಳೆ, ನಾರಾಯಣಸ್ವಾಮಿ ಮತ್ತು ಚಡ್ಡಾ ಅವರು ನೆಲಗುಳ್ಳದ ಅಂಗಾಂಶವನ್ನು ಸೀಸೆಯಲ್ಲಿ ಬೆಳೆಸಿ, ಅದರಿಂದ ಡಯೋಸ್‌ಜೆನಿನ್ ಎಂಬ ವಸ್ತುವನ್ನು ಪಡೆದ ವರದಿ ಅಮೆರಿಕದ 'ಸೈನ್ಸ್' ಪತ್ರಿಕೆಯಲ್ಲಿ ಬಂದಿತು. ಹಾರ್ಮೋನು ಜಾತಿಯ ಅನೇಕ ಔಷಧಗಳನ್ನು ತಯಾರಿಸಲು ಡಯೋಸ್‌ಜೆನಿನ್ ಮೂಲವಸ್ತು. ಬೇಲಿಯ ಬದಿಯ ಮುಳ್ಳುಗಿಡವೊಂದು ಸೀಸೆಯೊಳಗೆ ಔಷಧ ತಯಾರಿಸಬಲ್ಲದೆಂಬುದು ಅಂದಿಗೆ ದೊಡ್ಡ ಸಂಗತಿ.

ಎಲ್ಲ ಗಿಡಗಳೂ ಇಷ್ಟು ಸುಲಭವಾಗಿ ಒಲಿಯಲಿಲ್ಲ. ಸಹ್ಯಾದ್ರಿಯಲ್ಲಿ ದುರ್ವಾಸನೆ ಮರವೆಂದು ನಮ್ಮವರೂ ನರಕ್ಯಾ ಎಂದು ಮರಾಠಿಗರೂ ಕರೆಯುವ ಮರವೊಂದಿದೆ. ಕ್ಯಾನ್ಸರಿನ ಔಷಧಗಳಿಗೆ ಮೂಲವಾದ ಕ್ಯಾಂಪ್ಟೊಥೆಸಿನ್ ಈ ಮರದಲ್ಲಿರುವುದನ್ನು 1972ರಲ್ಲಿ ವರದಿ ಮಾಡಿದವರು ಗೋವಿಂದಾಚಾರಿ ಮತ್ತು ವಿಶ್ವನಾಥನ್. ಕೆಲಸ ನಡೆದದ್ದು ಮುಂಬಯಿಯ ಗೋರೆಗಾಂವಿನಲ್ಲಿದ್ದ ಸೀಬಾ ಸಂಶೋಧನ ಕೇಂದ್ರದಲ್ಲಿ. ಮುಂದೆ ಟ್ರಾಂಬೆಯಲ್ಲಿ ಈ ಮರದ ಅಂಗಾಂಶವನ್ನು ಸೀಸೆಯಲ್ಲಿ ಬೆಳೆಸಿ ನೋಡಿದಾಗ ಕ್ಯಾಂಪ್ಟೊಥೆಸಿನ್ ಸಿಕ್ಕಿತು, ಆದರೆ ಮರದಲ್ಲಿರುವುದಕ್ಕಿಂತ ಬಹಳ ಕಡಿಮೆ. ಇಂತಹ ಅನುಭವ ಲೋಕದ ಹಲವು ಕಡೆ ಆಯಿತು. ಬೇರು, ಕಾಂಡ, ಎಲೆ ಎಂಬ ಭೇದವಿಲ್ಲದೆ ಮುದ್ದೆಯಾಗಿ ಬೆಳೆಯುವ ಜೀವಕೋಶಗಳು ಎಷ್ಟೋ ವೇಳೆ ತಮ್ಮ ಕಸುಬನ್ನೇ ಮರೆಯುತ್ತವೆ. ಬೇರಿನಲ್ಲಿ ಹುಟ್ಟುವ ಮದ್ದು ಬೇಕಾದರೆ ಬೇರನ್ನು ಬೇರಾಗಿಯೇ ಬೆಳೆಸಬೇಕು. ಆದರೆ ಸಾಮಾನ್ಯ ಬೇರು ಸೀಸೆಯಲ್ಲಿ ಬಹಳ ನಿಧಾನವಾಗಿ ಬೆಳೆಯುತ್ತದೆ. ಇದನ್ನು ಬಗೆಹರಿಸಿದ್ದು ಒಂದು ರೋಗಾಣು.

ರೋಗವೇ ಉಪಕಾರಿಯಾದದ್ದು

ಸೇಬಿನ ತೋಟಗಳಲ್ಲಿ ಒಂದು ರೋಗವಿದೆ. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯ ಗಿಡದ ಗಾಯದೊಳಗೆ ಸೇರಿದರೆ ಆ ಜಾಗದಿಂದ ಕೂದಲಿನ ಗೊಂಚಲಿನಂತೆ ಸಣ್ಣ ಬೇರುಗಳು ಹೊರಡುತ್ತವೆ. 1930ರಲ್ಲಿ ಅಮೆರಿಕದ ರೈಕರ್ ಮತ್ತು ಸಂಗಡಿಗರು ಈ ರೋಗಾಣುವನ್ನು ವರ್ಣಿಸಿದರು. ಅದರ ಹೆಸರು ಅಗ್ರೋಬ್ಯಾಕ್ಟೀರಿಯಂ ರೈಜೋಜೀನಿಸ್. ಬೇರು ಹುಟ್ಟಿಸುವುದೆಂಬುದೇ ಆ ಹೆಸರಿನ ಅರ್ಥ. ಇದು ಹುಟ್ಟಿಸುವ ಬೇರನ್ನು ನಾವು 'ಕೂದಲುಬೇರು' ಎನ್ನೋಣ.

ರೋಗಾಣು ಮಾಡುವ ಕೆಲಸ ವಿಚಿತ್ರವಾದದ್ದು. 1982ರಲ್ಲಿ ಮೇರಿ ಡೆಲ್ ಚಿಲ್ಟನ್ ಮತ್ತು ಅವರ ಫ್ರೆಂಚ್ ಸಹೋದ್ಯೋಗಿಗಳು ತೋರಿಸಿದಂತೆ, ಈ ಬ್ಯಾಕ್ಟೀರಿಯ ತನ್ನ ಆನುವಂಶಿಕ ವಸ್ತುವಿನ ಒಂದು ತುಣುಕನ್ನು ಗಿಡದ ಜೀವಕೋಶದ ವರ್ಣತಂತುವಿನೊಳಗೆ ಸೇರಿಸಿಬಿಡುತ್ತದೆ. ಆ ತುಣುಕಿನಲ್ಲಿರುವ ಜೀನುಗಳು ಜೀವಕೋಶವನ್ನು ಬೇರಾಗಿ ಬೆಳೆಯುವಂತೆ ಪ್ರೇರಿಸುತ್ತವೆ. ಬ್ಯಾಕ್ಟೀರಿಯ ಸತ್ತರೂ ಆ ಜೀನು ಉಳಿಯುತ್ತದೆ, ಬೇರು ಬೆಳೆಯುತ್ತಲೇ ಇರುತ್ತದೆ. ಮಣ್ಣು ಬೇಡ, ಬೆಳಕು ಬೇಡ, ಹೊರಗಿನಿಂದ ಹಾರ್ಮೋನೂ ಬೇಡ. ಬೇರಿನ ಸಹಜ ಕಸುಬು ಮಾತ್ರ ಮರೆತಿರುವುದಿಲ್ಲ, ಮದ್ದಿನ ತಯಾರಿ ಸಾಗುತ್ತದೆ.

ಸೀಸೆಯೊಳಗಿನ ತೋಟಗಾರಿಕೆ

ಇದನ್ನು ಬೆಳೆಸುವ ಕ್ರಮ ಸ್ಥೂಲವಾಗಿ ಹೀಗಿದೆ. ಆರೋಗ್ಯವಂತ ಗಿಡದ ಎಳೆಯ ಎಲೆಯನ್ನು ಆರಿಸಿ, ಅದರ ಮೇಲಿನ ಸೂಕ್ಷ್ಮಜೀವಿಗಳು ಸಾಯುವಂತೆ ಶುದ್ಧಿ ದ್ರಾವಣಗಳಲ್ಲಿ ತೊಳೆಯುತ್ತಾರೆ. ಮಡಿಯಲ್ಲಿ ಅಡಿಗೆ ಮಾಡುವವರ ಎಚ್ಚರ ಇದರ ಮುಂದೆ ಏನೂ ಅಲ್ಲ. ಸಕ್ಕರೆ ಇರುವ ದ್ರವಕ್ಕೆ ಗಾಳಿಯಿಂದ ಒಂದೇ ಒಂದು ಬೂಷ್ಟಿನ ಕಣ ಬಿದ್ದರೂ ಕೆಲವೇ ದಿನಗಳಲ್ಲಿ ಇಡೀ ಸೀಸೆ ಹಾಳು. ಶುದ್ಧವಾದ ಎಲೆಗೆ ಸೂಜಿಯಿಂದಲೋ ಚೂರಿಯಿಂದಲೋ ಗಾಯ ಮಾಡಿ, ಬ್ಯಾಕ್ಟೀರಿಯವನ್ನು ಬೆಳೆಸಿದ ದ್ರವದಲ್ಲಿ ಅದ್ದಿ ತೆಗೆದು, ಎರಡು ಮೂರು ದಿನ ಹಾಗೆಯೇ ಬಿಡುತ್ತಾರೆ. ಬ್ಯಾಕ್ಟೀರಿಯ ತನ್ನ ಕೆಲಸ ಮುಗಿಸುವುದು ಈ ಅವಧಿಯಲ್ಲಿ. ಅನಂತರ ಪ್ರತಿಜೈವಿಕ ಔಷಧ ಬೆರೆಸಿದ ಪಾಕಕ್ಕೆ ಎಲೆಯನ್ನು ವರ್ಗಾಯಿಸಿ ಬ್ಯಾಕ್ಟೀರಿಯವನ್ನು ಕೊಲ್ಲುತ್ತಾರೆ.

ಎರಡರಿಂದ ನಾಲ್ಕು ವಾರಗಳಲ್ಲಿ ಎಲೆಯ ಗಾಯದಿಂದ ಬಿಳಿಯ ಬೇರುಗಳು ಇಣುಕುತ್ತವೆ. ಒಂದೊಂದರ ತುದಿಯನ್ನೂ ಪ್ರತ್ಯೇಕವಾಗಿ ಕತ್ತರಿಸಿ ಬೆಳೆಸುತ್ತಾರೆ. ಒಂದು ತುದಿಯಿಂದ ಬೆಳೆದದ್ದು ಒಂದು ವಂಶ. ಒಂದೇ ಎಲೆಯಿಂದ ಹುಟ್ಟಿದರೂ ಒಂದು ವಂಶ ಬೇಗ ಬೆಳೆಯುತ್ತದೆ, ಇನ್ನೊಂದು ಹೆಚ್ಚು ಮದ್ದು ಕೊಡುತ್ತದೆ, ಮತ್ತೊಂದು ಯಾವುದಕ್ಕೂ ಬಾರದು. ಜೀನು ನಿಜವಾಗಿ ಸೇರಿದೆಯೆ ಎಂದು ಪರೀಕ್ಷಿಸಿ, ಉತ್ತಮ ವಂಶವನ್ನು ಆರಿಸಿ, ದ್ರವವಿರುವ ಸೀಸೆಗಳಲ್ಲಿಟ್ಟು, ಕತ್ತಲೆಯ ಕೋಣೆಯಲ್ಲಿ ಸುಮಾರು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನಿಧಾನವಾಗಿ ಅಲುಗಾಡುವ ಯಂತ್ರದ ಮೇಲೆ ಇಡುತ್ತಾರೆ. ನಾಲ್ಕು ವಾರಗಳ ಸುಮಾರಿಗೆ ಸೀಸೆಯ ತುಂಬ ಶಾವಿಗೆಯ ಮುದ್ದೆಯಂತೆ ಬೇರು ತುಂಬಿಕೊಳ್ಳುತ್ತದೆ. ಹೊಲದಲ್ಲಿ ವರ್ಷಗಳು ಹಿಡಿಯುವ ಕೆಲಸ ಇಲ್ಲಿ ವಾರಗಳದ್ದು.

ಕೊಯ್ಲಿಗೆ ಮುನ್ನ ಇನ್ನೊಂದು ಉಪಾಯವುಂಟು. ಗಿಡವು ಇಂತಹ ವಸ್ತುಗಳನ್ನು ತಯಾರಿಸುವುದು ಬಹುಮಟ್ಟಿಗೆ ಕೀಟ, ಶಿಲೀಂಧ್ರಗಳಿಂದ ತನ್ನನ್ನು ಕಾಪಾಡಿಕೊಳ್ಳಲು. ಆದ್ದರಿಂದ ದ್ರವಕ್ಕೆ ಶಿಲೀಂಧ್ರದ ಸಾರವನ್ನೋ, ಗಾಯಗೊಂಡ ಗಿಡಗಳಲ್ಲಿ ಹುಟ್ಟುವ ಜಾಸ್ಮೋನಿಕ ಆಮ್ಲದಂತಹ ಸಂಯುಕ್ತವನ್ನೋ ಹನಿಯಷ್ಟು ಸೇರಿಸುತ್ತಾರೆ. ಶತ್ರು ಬಂದನೆಂದು ಬೇರು ಬೆಚ್ಚಿ ಮದ್ದಿನ ತಯಾರಿಕೆಯನ್ನು ಹೆಚ್ಚಿಸುತ್ತದೆ. ಕೊನೆಗೆ ಬೇರನ್ನು ಒಣಗಿಸಿ, ಸತ್ತ್ವವನ್ನು ಇಳಿಸಿ, ಒಂದು ಗ್ರಾಂ ಬೇರಿನಲ್ಲಿ ಯಾವ ವಸ್ತು ಎಷ್ಟು ಮೈಕ್ರೋಗ್ರಾಂ ಇದೆಯೆಂದು ಉಪಕರಣಗಳಿಂದ ಅಳೆಯುತ್ತಾರೆ. ನಮ್ಮ ವೈದ್ಯರ 'ಎಷ್ಟಿದೆ?' ಎಂಬ ಪ್ರಶ್ನೆಗೆ ಇಲ್ಲಿ ಅಂಕಿಯಲ್ಲಿ ಉತ್ತರ ದೊರೆಯುತ್ತದೆ.

ಟ್ರಾಂಬೆಯ ಸರ್ಪಗಂಧ, ಧಾರವಾಡದ ಅಶ್ವಗಂಧ

ಟ್ರಾಂಬೆಯಲ್ಲಿ ಬೆಂಜಮಿನ್, ರೋಜಾ ಮತ್ತು ಹೆಬ್ಳೆ ಅವರು ಸರ್ಪಗಂಧದ ಮೇಲೆ ಇದೇ ಬ್ಯಾಕ್ಟೀರಿಯವನ್ನು ಪ್ರಯೋಗಿಸಿ ಕೂದಲುಬೇರುಗಳನ್ನು ಪಡೆದರು. 1993 ಮತ್ತು 1994ರಲ್ಲಿ ಪ್ರಕಟವಾದ ಅವರ ವರದಿಗಳ ಪ್ರಕಾರ ಆ ಬೇರುಗಳು ಅಜ್ಮಲೀನ್ ಮುಂತಾದ ಆಲ್ಕಲಾಯ್ಡುಗಳನ್ನು ಸೀಸೆಯಲ್ಲಿಯೇ ತಯಾರಿಸಿದವು. ಅಷ್ಟೇ ಅಲ್ಲ, ಅಂತಹ ಬೇರುಗಳಿಂದ ಮತ್ತೆ ಇಡೀ ಗಿಡವನ್ನೇ ಚಿಗುರಿಸಲೂ ಸಾಧ್ಯವಾಯಿತು. ನನ್ನ ತಂದೆಯವರು ಅಳತೆಯಿಲ್ಲದ ಪುಡಿಯಿಂದ ಬಳಲುತ್ತಿದ್ದ ಕಾಲಕ್ಕೆ ಅಳತೆಗೆ ಸಿಗುವ ಬೇರು ಇಷ್ಟು ಸಮೀಪದಲ್ಲಿ ಬೆಳೆಯುತ್ತಿತ್ತು!

ಧಾರವಾಡದ ಕಡೆಯಿಂದ ಬಂದ ನಮ್ಮಂತಹವರಿಗೆ ಹೆಮ್ಮೆ ತರುವ ಸಂಗತಿ ಇನ್ನೊಂದಿದೆ. ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದ ಹೊ. ನಿ. ಮೂರ್ತಿಯವರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಹಾಗೂ ಕೊರಿಯದ ಚುಂಗ್‌ಬುಕ್ ವಿಶ್ವವಿದ್ಯಾಲಯಗಳ ಸಂಶೋಧಕರೊಡನೆ ಅಶ್ವಗಂಧದ ಕೂದಲುಬೇರುಗಳನ್ನು ಬೆಳೆಸಿದ ವರದಿ 2008ರಲ್ಲಿ ಪ್ರಕಟವಾಯಿತು. ಅಶ್ವಗಂಧದ ಸತ್ತ್ವಗಳಿಗೆ ವಿದನೊಲೈಡುಗಳೆಂದು ಹೆಸರು. ಅವುಗಳಲ್ಲಿ ನರಕೋಶಗಳ ಮೇಲಿನ ಪರಿಣಾಮಕ್ಕಾಗಿ ಹೆಚ್ಚು ಅಧ್ಯಯನಕ್ಕೆ ಒಳಗಾಗಿರುವುದು ವಿದನೊಲೈಡ್-ಎ. ಸೀಸೆಯಲ್ಲಿಯೇ ಬೆಳೆದ ಸಾಮಾನ್ಯ ಬೇರಿಗಿಂತ ಕೂದಲುಬೇರಿನಲ್ಲಿ ಇದು ಎರಡೂವರೆ ಪಟ್ಟಿಗೂ ಹೆಚ್ಚಾಗಿ ಸಿಕ್ಕಿತು. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ ಬೀಟ್‌ರೂಟಿನ ಕೂದಲುಬೇರುಗಳಿಂದ ಆಹಾರಕ್ಕೆ ಬಳಸುವ ಕೆಂಪು ಬಣ್ಣವನ್ನು ಪಡೆಯುವ ಕೆಲಸವೂ ನಡೆದಿದೆ.

ಬ್ಯಾಕ್ಟೀರಿಯದ ನೆರವಿಲ್ಲದೆ, ಹಾರ್ಮೋನು ಕೊಟ್ಟು ಬೇರು ಬರಿಸುವ ಇನ್ನೊಂದು ಮಾರ್ಗವೂ ಇದೆ. ಮನೆಯಲ್ಲಿ ದಾಸವಾಳದ ಕಡ್ಡಿ ನೆಟ್ಟಾಗ ಕಾಂಡದಿಂದ ಬೇರು ಬರುವಂತೆಯೇ ಇದು. ಈ ಬೇರಿನಲ್ಲಿ ಪರಕೀಯ ಜೀನು ಇರುವುದಿಲ್ಲವಾದ್ದರಿಂದ ಆಹಾರ, ಔಷಧಗಳಲ್ಲಿ ಬಳಸಲು ಆಕ್ಷೇಪ ಕಡಿಮೆ. ಕೊರಿಯದಲ್ಲಿ ಜಿನ್‌ಸೆಂಗ್ ಬೇರನ್ನು ಈ ಕ್ರಮದಿಂದ 10,000 ಲೀಟರಿನಷ್ಟು ದೊಡ್ಡ ಪಾತ್ರೆಗಳಲ್ಲಿ ವ್ಯಾಪಾರಕ್ಕಾಗಿಯೇ ಬೆಳೆಸಿದ್ದಾರೆ. ಹೊಲದಲ್ಲಿ ಜಿನ್‌ಸೆಂಗ್ ಬಲಿಯಲು ನಾಲ್ಕರಿಂದ ಆರು ವರ್ಷ ಬೇಕು.

ಅಂಗಡಿಗೆ ಏಕೆ ಬಂದಿಲ್ಲ?

ಹೀಗಿರುವಾಗ ಸೀಸೆಯ ಸರ್ಪಗಂಧ ನಮ್ಮ ಅಂಗಡಿಗಳಲ್ಲಿ ಏಕೆ ಕಾಣುವುದಿಲ್ಲವೆಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮೊದಲ ಅಡ್ಡಿ ಗಾಳಿಯದು. ಸಣ್ಣ ಸೀಸೆಯಲ್ಲಿ ಸುಖವಾಗಿ ಬೆಳೆದ ಬೇರು ದೊಡ್ಡ ಪಾತ್ರೆಯಲ್ಲಿ ಗಂಟುಗಂಟಾಗಿ ಹೆಣೆದುಕೊಳ್ಳುತ್ತದೆ. ಗಂಟಿನ ನಡುವಿಗೆ ಆಮ್ಲಜನಕ ತಲಪದೆ ಒಳಗಿನ ಬೇರು ಸಾಯುತ್ತದೆ. ಕಲಕಿದರೆ ಬೇರು ತುಂಡಾಗುತ್ತದೆ. ಕೆಳಗಿನಿಂದ ಗಾಳಿಯ ಗುಳ್ಳೆಗಳನ್ನು ಬಿಡುವುದು, ಪೋಷಕ ದ್ರವವನ್ನು ಮಂಜಿನಂತೆ ಸಿಂಪಡಿಸುವುದು ಮೊದಲಾದ ಉಪಾಯಗಳಿವೆ, ಎಲ್ಲಕ್ಕೂ ಖರ್ಚುಂಟು. ಎರಡನೆಯದು ಬೆಲೆ. ಸಕ್ಕರೆ, ವಿದ್ಯುತ್ತು, ಶುದ್ಧ ಕೋಣೆ, ತರಬೇತಾದ ಕೆಲಸಗಾರರು ಇವೆಲ್ಲದರ ವೆಚ್ಚ ಸೇರಿದಾಗ, ಕಾಡಿನಿಂದ ಕಿತ್ತು ತಂದ ಬೇರೇ ಅಗ್ಗವಾಗುತ್ತದೆ. ಕಾಡು ಕಳೆದುಕೊಳ್ಳುವುದನ್ನು ಯಾರೂ ಆ ಬೆಲೆಗೆ ಸೇರಿಸುವುದಿಲ್ಲವಲ್ಲ!

ಮೂರನೆಯದು ತಾತ್ತ್ವಿಕವಾದ ಪ್ರಶ್ನೆ. ಆಯುರ್ವೇದವು ಇಡೀ ಬೇರನ್ನು ಮದ್ದೆನ್ನುತ್ತದೆ, ಅದರೊಳಗಿನ ಒಂದು ವಸ್ತುವನ್ನಲ್ಲ. ಸೀಸೆಯ ಬೇರಿನಲ್ಲಿ ಒಂದು ವಸ್ತು ಹೆಚ್ಚಿ ಇನ್ನೊಂದು ಕಡಿಮೆಯಾಗಿರಬಹುದು. ಅದು ಶಾಸ್ತ್ರದಲ್ಲಿ ಹೇಳಿದ ಬೇರೇ ಎಂದು ಮುಂಚೆಯೇ ಒಪ್ಪುವಂತಿಲ್ಲ, ರೋಗಿಗಳ ಮೇಲೆ ಪರೀಕ್ಷೆಯಾಗದೆ ಔಷಧವೆನ್ನುವಂತೆಯೂ ಇಲ್ಲ. ಆದ್ದರಿಂದ 'ಪ್ರಯೋಗಶಾಲೆಯಲ್ಲಿ ಬೆಳೆದದ್ದು' ಎಂಬ ಮಾತೊಂದೇ ಗುಣದ ಮುದ್ರೆಯಾಗಲಾರದು, 'ಪ್ರಕೃತಿಸಹಜ' ಎಂಬ ಮಾತೊಂದೇ ಆಗದಿರುವಂತೆ.

ನಾವು ಮಾಡಬೇಕಾದದ್ದು

ಈ ವಿದ್ಯೆ ಪೂರ್ಣವಾಗಿ ಫಲಕೊಡುವವರೆಗೆ ನಮ್ಮ ಮನೆಗಳಲ್ಲಿ ಪಾಲಿಸಬೇಕಾದ ಕೆಲವು ಎಚ್ಚರಿಕೆಗಳನ್ನು ಹೇಳಿ ಲೇಖನವನ್ನು ಮುಗಿಸುತ್ತೇನೆ.

ಒಂದು: ವೈದ್ಯರ ಬಳಿಗೆ ಹೋಗುವಾಗ ತೆಗೆದುಕೊಳ್ಳುತ್ತಿರುವ ಪುಡಿ, ಕಷಾಯ, ಲೇಹ್ಯಗಳನ್ನೂ ಜೊತೆಗೆ ಒಯ್ಯಿರಿ. 'ಅದೇನು ಔಷಧವಲ್ಲ, ಬರಿಯ ಬೇರು' ಎಂಬ ಮಾತು ಅಪಾಯದ ಮೂಲ. ಸರ್ಪಗಂಧವು ರಕ್ತದೊತ್ತಡದ ಗುಳಿಗೆಯ ಬಲವನ್ನು ಹೆಚ್ಚಿಸಬಹುದು. ಖಿನ್ನತೆಯಿಂದ ಬಳಲುವವರು ಅದರ ಹತ್ತಿರವೂ ಸುಳಿಯಬಾರದು. ಹೊಸ ಗುಳಿಗೆಗಳು ಬಂದಿರುವುದರಿಂದ ರಿಸರ್ಪೀನಿನ ಬಳಕೆಯೇ ಇಂದು ಬಹಳ ತಗ್ಗಿದೆ.

ಎರಡು: ಅಶ್ವಗಂಧವನ್ನು ಕೊಳ್ಳುವಾಗ ಚೀಟಿಯಲ್ಲಿ ಗಿಡದ ಯಾವ ಭಾಗವೆಂದು ಬರೆದಿದೆಯೆ ಎಂದು ನೋಡಿರಿ. ಬೇರಿಗೆ ಬದಲು ಅಗ್ಗದ ಎಲೆಯನ್ನು ಬಳಸುವ ಪರಿಪಾಠ ಬೆಳೆದದ್ದರಿಂದ, ಎಲೆಯನ್ನು ಬಳಸಬಾರದೆಂದು ಕೇಂದ್ರ ಸರ್ಕಾರದ ಆಯುಷ್ ಸಚಿವಾಲಯ 2021ರಲ್ಲಿ ತಯಾರಕರಿಗೆ ಸೂಚಿಸಿತು. ಅಶ್ವಗಂಧದ ಸೇವನೆಯಿಂದ ಅಪರೂಪವಾಗಿ ಯಕೃತ್ತಿಗೆ ತೊಂದರೆಯಾದ ವರದಿಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಕಾರಣವಿಲ್ಲದೆ ಮೈ ತುರಿಸಿದರೆ ಕೂಡಲೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಗರ್ಭಿಣಿಯರೂ ಥೈರಾಯ್ಡ್ ತೊಂದರೆಯುಳ್ಳವರೂ ವೈದ್ಯರನ್ನು ಕೇಳದೆ ಇದನ್ನು ಸೇವಿಸಬಾರದು.

ಮೂರು: ಹೆಸರು, ತಯಾರಕರು, ತಯಾರಾದ ತಿಂಗಳು, ಪ್ರಮಾಣ ಯಾವುದೂ ಇಲ್ಲದ ಪೊಟ್ಟಣದ ಪುಡಿಯನ್ನು, ತಂದವರು ಎಷ್ಟೇ ಆತ್ಮೀಯರಾಗಿದ್ದರೂ, ನಿತ್ಯಸೇವನೆಗೆ ಇಟ್ಟುಕೊಳ್ಳಬೇಡಿರಿ. ಹಾಗೆಂದು ಹೆದರಿ ವೈದ್ಯರು ಕೊಟ್ಟ ಗುಳಿಗೆಯನ್ನೂ ನಾವಾಗಿಯೇ ನಿಲ್ಲಿಸುವುದು ಇನ್ನೂ ದೊಡ್ಡ ತಪ್ಪು.

ನಾಲ್ಕು: ನಮ್ಮ ಮಕ್ಕಳಲ್ಲಿ ಅನೇಕರು ಇಲ್ಲಿಯ ಕಾಲೇಜುಗಳಲ್ಲಿ ಸಸ್ಯಶಾಸ್ತ್ರ, ಜೈವಿಕ ತಂತ್ರಜ್ಞಾನಗಳನ್ನು ಓದುತ್ತಿದ್ದಾರೆ. ಊರಿನ ಅಜ್ಜ ಅಜ್ಜಿಯರಿಗೆ ಬೇರಿನ ಹೆಸರು, ಗುರುತು, ಬಳಕೆ ತಿಳಿದಿದೆ. ಮೊಮ್ಮಕ್ಕಳಿಗೆ ಅದನ್ನು ಅಳೆಯುವ ವಿದ್ಯೆ ತಿಳಿದಿದೆ. ರಜೆಯಲ್ಲಿ ಊರಿಗೆ ಹೋದಾಗ ಈ ಎರಡೂ ತಿಳಿವಳಿಕೆಗಳು ಒಂದು ಕಟ್ಟೆಯ ಮೇಲೆ ಕುಳಿತು ಮಾತಾಡಿದರೆ ಎಷ್ಟೋ ಹೊಸ ಹಾದಿಗಳು ತೆರೆದಾವು.

ತಂದೆಯವರು ಆ ಮಳೆಗಾಲದ ಬಳಿಕ ಒಂಬತ್ತು ವರ್ಷ ಬದುಕಿದ್ದರು. ಬೇರಿನ ಮೇಲಿನ ನಂಬಿಕೆಯನ್ನು ಅವರು ಬಿಡಲಿಲ್ಲ, ಬಿಡೆಂದು ನಾನೂ ಹೇಳಲಿಲ್ಲ. ಆದರೆ ಮುಂದೆ ಊರಿನಲ್ಲಿ ಯಾರಾದರೂ ಅವರ ಕೈಗೆ ಪುಡಿಯ ಪೊಟ್ಟಣವನ್ನು ಕೊಟ್ಟರೆ, ಅದನ್ನು ಬಿಚ್ಚುವ ಮೊದಲು ಒಂದು ಮಾತು ಕೇಳುತ್ತಿದ್ದರು: "ಇದರಾಗ ಮದ್ದು ಎಷ್ಟೈತಿ?"